ಅಪ್ಪ ಆರಿಸಿದ ಹೊಳಪು

ಇದನ್ನು ನನಗೆ ನಾನೇ ಹೇಳಿಕೊಳ್ಳುವುದಕ್ಕೂ ಸಂಕೋಚ. ಕೇಳಿದವರು ನಕ್ಕುಬಿಟ್ಟಾರು. ಅಪ್ಪ ಕಾರಿನ ಟೈರಿಗೆ ಹಚ್ಚುವ ಪಾಲಿಶ್ ಬದಲಾಯಿಸಿದ್ದಾರೆ. ಅದಕ್ಕೆ ನನಗೆ ಭಯ. ಅಷ್ಟೇ. ಇದಕ್ಕೆ ಯಾರಾದರೂ ಹೆದರುತ್ತಾರೆಯೇ?

ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಕಾರು ತೊಳೆದು, ಒರೆಸಿ, ಹೊಸದರ ಹಾಗೆ ಮಾಡಿಕೊಡುವುದು ನಮ್ಮ ಕಸುಬು. ಕಾರಿನ ಮೈ ತೊಳೆಯುವುದು, ಟೈರು ನೋಡಿಕೊಳ್ಳುವುದು ಅಪ್ಪನ ಪಾಲು. ಗಿರಾಕಿಗಳ ಜತೆ ಮಾತು, ಫೋನು, ಅಂಗಡಿಯಿಂದ ಸಾಮಾನು ಅಣ್ಣನ ಪಾಲು. ಸೀಟು, ಗಾಜು, ಮ್ಯಾಟು ನನ್ನವು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ ಎನ್ನುವುದು ಮನೆಯ ಲೆಕ್ಕ. ಸಂದರ್ಶನಕ್ಕೆ ಹೋದರೆ ನನ್ನ ಬಾಯಿ ಕಟ್ಟುತ್ತದೆ ಎನ್ನುವುದು ನನ್ನ ಲೆಕ್ಕ. ಅಣ್ಣ ನನ್ನನ್ನು ಕರೆಯುವುದೇ ‘ಮೌನವ್ರತ’ ಎಂದು. ಅತ್ತಿಗೆ ಬೆಳಗಾದರೆ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೋಗುತ್ತಾಳೆ. ಅವರ ಮಗಳು ಗುಬ್ಬಿ ಶಾಲೆಗೆ. ಅಮ್ಮ ಅಡುಗೆಮನೆಯಲ್ಲಿ. ಅಜ್ಜಿ, ಎಂದರೆ ಅಪ್ಪನ ತಾಯಿ, ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಅಜ್ಜಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆದರೆ ಮನೆಯಲ್ಲಿ ನಡೆಯುವುದೆಲ್ಲ ಗೊತ್ತಾಗುತ್ತದೆ.

ಟೈರು ಪಾಲಿಶಿನ ಜಗಳ ನಮ್ಮ ಮನೆಯಲ್ಲಿ ಊಟದ ಜತೆಗೇ ಬಡಿಸಿಕೊಂಡು ಬಂದದ್ದು. ಅಪ್ಪನದು ಹಾಲಿನ ಹಾಗೆ ಬೆಳ್ಳಗಿರುವ, ನೀರು ಬೆರೆತ ಪಾಲಿಶ್. ಹಚ್ಚಿ ಒಣಗಿದ ಮೇಲೆ ಟೈರು ಕಪ್ಪಗೆ, ಸುಮ್ಮನೆ, ಅಂಗಡಿಯಿಂದ ಈಗಷ್ಟೇ ಬಂದ ಹಾಗೆ ಕಾಣುತ್ತದೆ, ಹೊಳೆಯುವುದಿಲ್ಲ. ಅಣ್ಣನಿಗೆ ಬೇಕಾದದ್ದು ಎಣ್ಣೆಯಂಥ ಅಂಟು ಪಾಲಿಶ್. ಅದನ್ನು ಹಚ್ಚಿದರೆ ಟೈರಿನಲ್ಲಿ ಮುಖ ನೋಡಿಕೊಳ್ಳಬಹುದು.

“ಗಿರಾಕಿ ಮೊದಲು ನೋಡೋದೇ ಟೈರು ಅಪ್ಪ. ಹೊಳೀಲಿಲ್ಲ ಅಂದ್ರೆ ತೊಳದೇ ಇಲ್ಲ ಅಂತಾರೆ.”

“ಟೈರು ಟೈರಿನ ಹಾಗಿರಬೇಕು. ಎಣ್ಣೆ ಬಳಕೊಂಡ ಎಮ್ಮೆ ಹಾಗಲ್ಲ.”

“ಎಮ್ಮೇನ ಯಾಕೋ ಎಳೀತೀಯ, ಅದಕ್ಕೂ ಒಂದು ಮರ್ಯಾದೆ ಇದೆ,” ಎಂದು ಕುರ್ಚಿಯಿಂದ ಅಜ್ಜಿ.

“ನಿನ್ನ ಆ ಎಣ್ಣೆಗೆ ಧೂಳು ಮೆತ್ತುತ್ತೆ. ಗಾಡಿ ಓಡಿದ್ರೆ ಬಾಗಿಲಿಗೆಲ್ಲ ಸಿಡಿಯುತ್ತೆ. ನಾನಿರೋವರೆಗೂ ಅದು ಈ ಶೆಡ್ಡಿಗೆ ಬರಲ್ಲ.”

“ಊಟದ ಮುಂದೆ ಟೈರು ಟೈರು ಅಂತ. ಅನ್ನಕ್ಕೂ ರಬ್ಬರ್ ವಾಸನೆ ಬಂತು,” ಎಂದು ಅಮ್ಮ ಪಾತ್ರೆ ಕುಕ್ಕುತ್ತಿದ್ದಳು.

ಹೀಗಿದ್ದ ಅಪ್ಪ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, ಯಾರೂ ಕೇಳದೆ, “ಆ ನಿನ್ನ ಹೊಳಪಿನ ಡಬ್ಬಿ ತಂದುಬಿಡು. ನೋಡೇ ಬಿಡೋಣ,” ಎಂದರು.

ಅಣ್ಣ ಬಾಯಿ ತೆರೆದುಕೊಂಡು ಕೂತ. ಆಮೇಲೆ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಅಮ್ಮ ಅವತ್ತು ಎಲ್ಲರಿಗೂ ಇನ್ನೊಂದೊಂದು ಮೊಟ್ಟೆ ಬೇಯಿಸಿದಳು. “ಸದ್ಯ, ಅಪ್ಪ ಮಗ ಒಂದಾದರಲ್ಲ. ನಾಳೆ ಸೂರ್ಯ ಯಾವ ಕಡೆ ಹುಟ್ಟುತ್ತಾನೋ!”

ನಾನೂ ನಕ್ಕೆ. ಅವತ್ತು ಮಧ್ಯಾಹ್ನದ ನಂತರ ನಗು ಬರಲಿಲ್ಲ.

ಒಂದು ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ನಾನು ಬಿಸ್ಕತ್ತಿನ ಪುಡಿ ತೆಗೆಯುತ್ತಿದ್ದೆ. ತೆರೆದ ಬಾಗಿಲ ಕೆಳಗೇ ಅಪ್ಪ ಮಣೆ ಹಾಕಿಕೊಂಡು ಟೈರಿನ ಮುಂದೆ ಕೂತಿದ್ದರು. ಮೊದಲು ಬ್ರಷ್ಷು, ಸೋಪು. ಕಂದು ನೊರೆ ಹೋಗಿ ಬಿಳಿ ನೊರೆ ಬರುವವರೆಗೂ ಉಜ್ಜುವುದು. ಆಮೇಲೆ ಬಟ್ಟೆಯಿಂದ ಒರೆಸಿ ಒಣಗಲು ಬಿಡುವುದು. ಅದೆಲ್ಲ ಅವರ ಕೈಗೇ ಗೊತ್ತು. ಅಣ್ಣ ಆಗಲೇ ತಂದುಕೊಟ್ಟಿದ್ದ ಹೊಳಪಿನ ಪಾಲಿಶ್ ಹಚ್ಚುವಾಗ ಮಾತ್ರ ಅವರು ತಲೆಯನ್ನು ವಾಲಿಸಿದರು. ಸ್ಪಂಜು ಒಂದು ಸಲ ಎಳೆದು, ತಲೆಯನ್ನು ಶೆಡ್ಡಿನ ಬಾಗಿಲ ಬೆಳಕಿನ ಕಡೆ ವಾಲಿಸಿ, ಹೊಳೆಯಿತೇ ಎಂದು ಹುಡುಕಿ, ಮತ್ತೆ ಎಳೆಯುತ್ತಿದ್ದರು. ಹೊಳೆದಲ್ಲಿ ಹಚ್ಚಾಗಿದೆ. ಹೊಳೆಯದಲ್ಲಿ ಹಚ್ಚಿಲ್ಲ.

ಹಿಂದಿನ ವಾರದ ಟೈರುಗಳು ನೆನಪಾದವು. ಅರ್ಧ ಕಪ್ಪು, ಅರ್ಧ ಬೂದು. ಒಂದೇ ಕಡೆ ಬಿಳಿ ಪಾಲಿಶ್ ದಪ್ಪಗೆ ಒಣಗಿ ಹಕ್ಕಳೆಯ ಹಾಗೆ ನಿಂತಿತ್ತು. ಅಪ್ಪ ಅವಸರದಲ್ಲಿದ್ದರು ಎಂದುಕೊಂಡು ನಾನೇ ಸರಿಮಾಡಿದ್ದೆ. ಕಪ್ಪಿನ ಮೇಲೆ ಹೊಳಪಿಲ್ಲದ ಕಪ್ಪು ಅವರಿಗೆ ಕಾಣುತ್ತಿರಲಿಲ್ಲ. ಅಪ್ಪ ಸೋತದ್ದು ಅಣ್ಣನಿಗಲ್ಲ.

ಅದಾದ ಮೇಲೆ ನನಗೆ ಎಲ್ಲವೂ ಕಾಣತೊಡಗಿತು, ನೋಡಬಾರದೆಂದರೂ. ಚಹಾ ಸುರಿಯುವಾಗ ಅಪ್ಪ ಲೋಟದ ಅಂಚಿಗೆ ಬೆರಳಿಟ್ಟುಕೊಳ್ಳುತ್ತಾರೆ. ಹಗಲಲ್ಲೇ ಶೆಡ್ಡಿನ ದೀಪ ಹಾಕುತ್ತಾರೆ. “ಗುಬ್ಬೀ, ನಿನಗೆ ಎಷ್ಟು ಓದೋಕೆ ಬರುತ್ತೆ ನೋಡೋಣ,” ಎಂದು ಪತ್ರಿಕೆಯನ್ನು ಅವಳ ಕೈಗೆ ಕೊಡುತ್ತಾರೆ. ಅವಳು ತಡವರಿಸುತ್ತ ಓದುತ್ತಾಳೆ. “ತಾತನಿಗಾಗಿ ಓದೋದು ಅಂದ್ರೆ ಎಷ್ಟು ಪ್ರೀತಿ!” ಎಂದು ಅತ್ತಿಗೆಗೆ ಸಂತೋಷ.

ಅಪ್ಪ ಕಾರು ತೊಳೆಯುವುದಷ್ಟೇ ಆಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಕೆಲಸ ಮುಗಿದ ಕಾರನ್ನು ಗಿರಾಕಿಯ ಮನೆಗೆ ಓಡಿಸಿಕೊಂಡು ಹೋಗಿ ಬಿಟ್ಟುಬರುವುದೂ ಅಪ್ಪನೇ.

ಹೀಗಿರುವಾಗ ನಮ್ಮ ಗಿರಾಕಿಯೊಬ್ಬರು, ಔಷಧಿ ಅಂಗಡಿಯವರು, ಬಂದರು. ಅಪ್ಪ ಅವರ ಕಾರು ಬಿಟ್ಟುಬಂದ ಮಾರನೆಯ ದಿನವೇ ಬಂದು ಶೆಡ್ಡಿನ ಮುಂದೆ ನಿಂತು ಕೂಗಾಡಿದರು.

“ತಿರುವಿನಲ್ಲಿ ಬ್ರೇಕ್ ಹಾಕಿದೆ, ಗಾಡಿ ಜಾರಿಕೊಂಡು ಹೋಗಿ ಚರಂಡಿ ಹತ್ತಿರ ನಿಂತಿತು. ಇಳಿದು ನೋಡಿದ್ರೆ ಟೈರಿನ ಗ್ರಿಪ್ಪಿನ ಮೇಲೆಲ್ಲ ಎಣ್ಣೆ! ನೆಲಕ್ಕೆ ತಾಗೋ ಜಾಗಕ್ಕೆ ಯಾರಾದ್ರೂ ಪಾಲಿಶ್ ಹಚ್ಚುತ್ತಾರೇನ್ರೀ? ಜತೇಲಿ ನನ್ನ ಹೆಂಡತಿ ಇದ್ಲು!”

ಅಣ್ಣ ಕೈ ಮುಗಿದ, ತಪ್ಪಾಯಿತೆಂದ, ಅವರ ಎದುರೇ ಕೂತು ಟೈರುಗಳನ್ನು ಸೋಪು ಹಾಕಿ ಉಜ್ಜಿದ. ಅವರು ಹೋದ ಮೇಲೆ ಅಮ್ಮ ಅವನ ಮೇಲೆ ಹರಿಹಾಯ್ದಳು.

“ಹೊಳಪು ಹೊಳಪು ಅಂತ ಕುಣಿದೆಯಲ್ಲ, ಈಗ ತಗೋ! ನಿನ್ನ ಹಾಳು ಎಣ್ಣೆ!”

“ಎಣ್ಣೆ ಡಬ್ಬಿ ತಾನಾಗೇ ಗ್ರಿಪ್ ಮೇಲೆ ಹತ್ತುತ್ತೇನಮ್ಮ? ಹಚ್ಚಿದ್ದು ನಾನಾ?”

“ಅಂದ್ರೆ? ನಿನ್ನಪ್ಪ ಅಂತೀಯಾ? ಈ ಕೆಲಸದಲ್ಲೇ ಕೂದಲು ಬೆಳ್ಳಗಾದವರು!”

ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದರು. ಹಿಂಡಿದ್ದನ್ನೇ ಮತ್ತೆ ಅದ್ದಿ ಹಿಂಡಿದರು.

“ಆ ಎಣ್ಣೆ ಇಳಿಯುತ್ತೆ,” ಎಂದರು ಕೊನೆಗೆ. “ಬಿಸಿಲಿಗೆ ತೆಳ್ಳಗಾಗಿ ಇಳಿಯುತ್ತೆ. ಅದಕ್ಕೇ ಬೇಡ ಅಂದಿದ್ದು.”

“ಹಾಗಾದ್ರೆ ಹಳೇದೇ ತರ್ತೀನಿ ಬಿಡಿ!”

“ಬೇಡ!” ಅಪ್ಪ ಎಷ್ಟು ಜೋರಾಗಿ ಹೇಳಿದರೆಂದರೆ ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ತಂದದ್ದು ಮುಗೀಲಿ.”

ಆ ರಾತ್ರಿಯ ಊಟಕ್ಕೆ ಅಣ್ಣ ಬರಲಿಲ್ಲ. ತಪ್ಪು ಮಗನ ತಲೆಗೆ ಹೋಗಲು ಬಿಟ್ಟ ಅಪ್ಪ ನನಗೆ ಹೊಸಬರು. ಅವರು ನಮಗಿಂತ ಹೆಚ್ಚು ಹೆದರಿದ್ದಾರೆ ಎಂದು ನನಗೆ ಆಗ ಅನ್ನಿಸಿತು. ಅನ್ನಿಸಿದ್ದೇ ಇನ್ನಷ್ಟು ಹೆದರಿಕೆಯಾಯಿತು.

ಬಾಯಿಂದ ಆಗದ್ದನ್ನು ಕೈಯಿಂದ ಮಾಡಲು ಶುರುಮಾಡಿದೆ. ಅಪ್ಪ ಟೈರು ಮುಗಿಸಿ ಒಳಗೆ ಕೈ ತೊಳೆಯಲು ಹೋದ ಕೂಡಲೇ ಸೋಪಿನ ಬ್ರಷ್ಷು ಹಿಡಿದು ಓಡುವುದು. ಗ್ರಿಪ್ಪಿನ ಮೇಲೆ ಸ್ಪಂಜು ದಾಟಿದ ಕಡೆ ಉಜ್ಜಿ, ನೀರು ಹೊಯ್ದು, ಒಣಬಟ್ಟೆಯಿಂದ ಒತ್ತುವುದು. ನೆಲಕ್ಕೆ ಒತ್ತಿ ಕೂತ ಭಾಗ ನನ್ನ ಕೈಗೆ ಸಿಗುತ್ತಿರಲಿಲ್ಲ. ಅಪ್ಪನ ಸ್ಪಂಜಿಗೂ ಅದು ಸಿಕ್ಕಿರಲಾರದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಚಕ್ರದ ನಡುವಿನ ಬ್ರೇಕಿನ ತಟ್ಟೆಗೂ ಪಾಲಿಶ್ ಹನಿ ಬಿದ್ದಿದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತಿದ್ದೆ. ಮಸಿ ಕಾಣದಿರಲೆಂದು ಶೆಡ್ಡಿನಲ್ಲಿ ನಾನು ಹಾಕುವುದು ಕಪ್ಪು ಅಂಗಿ, ಕಪ್ಪು ಪ್ಯಾಂಟು. ಆ ದಿನಗಳಲ್ಲಿ ಉಗುರು ಸಂದಿಯೂ ಕಪ್ಪಾಯಿತು.

“ಏನೇ ಮೌನವ್ರತ, ಟೈರಿನ ಜತೆ ಏನು ಗುಟ್ಟು?” ಎಂದ ಅಣ್ಣ ಒಮ್ಮೆ.

“ಮಣ್ಣಿತ್ತು.”

“ಮಣ್ಣು ಅಂದಳಲ್ಲ, ಇವತ್ತಿನ ಕೋಟಾ ಮುಗೀತು,” ಎಂದು ಹೋದ.

ಅಪ್ಪನ ಕೈಗೂ ಒಂದು ದಿನ ಸಿಕ್ಕಿಬಿದ್ದೆ. ಅವರು ಬಂದದ್ದು ಕೇಳಿಸಲಿಲ್ಲ. ಸೋಪಿನ ವಾಸನೆಗೆ ನಿಂತರು.

“ಯಾರದು?”

ನಾನು ಅವರಿಗೆ ಒಂದು ಮಾರು ದೂರದಲ್ಲಿದ್ದೆ.

“ನಾನು ಅಪ್ಪ.”

“ಪುಟ್ಟಿ… ನಾನು ಮಾಡಿದ್ದನ್ನ ಮತ್ತೆ ಮಾಡ್ತಿದ್ದೀಯಾ?”

“ಇಲ್ಲ. ಸುಮ್ಮನೆ.”

“ನನ್ನ ಕೆಲಸ ಸರಿ ಇಲ್ವಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಉತ್ತರಕ್ಕಾಗಿ ಅವರು ಕಾದು ನಿಂತ ರೀತಿ, ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಲ್ಲುವ ಹಾಗಿತ್ತು.

“ಚೆನ್ನಾಗಿದೆ ಅಪ್ಪ. ಯಾವಾಗಿನ ಹಾಗೇ ಇದೆ.”

ಅವರು ಕೈ ಚಾಚಿ ನನ್ನ ತಲೆ ಹುಡುಕಿ ತಟ್ಟಿದರು.

ಅಮ್ಮನಿಗೆ ಹೇಳೋಣವೆಂದು ಅಡುಗೆಮನೆಗೆ ಹೋದೆ. ಅವಳು ಬಟಾಣಿ ಸುಲಿಯುತ್ತಿದ್ದಳು. ಪಕ್ಕ ಕೂತು ನಾನೂ ಸುಲಿದೆ.

“ಅಮ್ಮ, ಅಪ್ಪನಿಗೆ…”

“ಅಪ್ಪನಿಗೇನು?” ಅವಳ ಬೆರಳು ನಿಂತಿತು. ನನ್ನ ಮುಖ ನೋಡಲಿಲ್ಲ. “ಊಟ ಸೇರ್ತಿಲ್ಲ, ಅಷ್ಟೇ. ಮಗ ಎದುರು ಮಾತಾಡ್ತಾನೆ, ಮನಸ್ಸಿಗೆ ಹತ್ತಿದೆ. ನೀನೊಬ್ಬಳು ಏನಾದ್ರೂ ಹುಳ ಬಿಡಬೇಡ. ಆ ಕೆಲಸ ಇದ್ದರೇನೆ ಅವರು ಮನುಷ್ಯ. ಇಲ್ಲದಿದ್ರೆ…” ಬಟಾಣಿಯ ಸಿಪ್ಪೆಯನ್ನು ಬುಟ್ಟಿಗೆ ಎಸೆದಳು. “ಗ್ಯಾಸ್ ಸಣ್ಣ ಮಾಡು ಹೋಗು.”

ಗ್ಯಾಸ್ ಸಣ್ಣ ಮಾಡಿ ಹೊರಗೆ ಬರುವಾಗ ಅಜ್ಜಿ ನನ್ನ ಮುಂಗೈ ಹಿಡಿದಳು.

“ನಿನಗೂ ಗೊತ್ತಾಯ್ತಾ?”

“ಏನಜ್ಜಿ?”

“ನನ್ನ ಹತ್ರ ನಾಟಕ ಬೇಡ. ನನಗೆ ಕಣ್ಣಿಲ್ಲ, ಕಿವಿ ಇದೆ. ಹೊಸಲು ಹತ್ತಿರ ಬಂದಾಗ ನನ್ನ ಮಗ ಕಾಲೆತ್ತಿ ಇಡ್ತಿದ್ದ. ಈಗ ಉಜ್ಜಿಕೊಂಡು ಬಂದು, ಹೊಸಲಿಗೆ ಬೆರಳು ತಾಗಿಸಿ, ಆಮೇಲೆ ದಾಟ್ತಾನೆ. ಅದು ನನ್ನ ನಡಿಗೆ. ಈ ಮನೇಲಿ ಮೊದಲು ನಾನೊಬ್ಬಳೇ ಹಾಗೆ ನಡೀತಿದ್ದದ್ದು.”

“ನೀನೇ ಹೇಳಜ್ಜಿ ಅವರಿಗೆ.”

“ನನಗೆ ಹೀಗಾದಾಗ ಅವನೇ ಹೇಳಿದ. ‘ಅಮ್ಮ, ನೀನಿನ್ನು ಒಲೆ ಹತ್ರ ಹೋಗಬೇಡ’ ಅಂದ. ಒಳ್ಳೇದಕ್ಕೇ ಅಂದ. ಅವತ್ತಿನಿಂದ ಈ ಕುರ್ಚಿ.” ಅಜ್ಜಿ ಕುರ್ಚಿಯ ಕೈಯನ್ನು ತಟ್ಟಿದಳು. “ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸು ಅಂತ ತಾಯಿ ಬಾಯಲ್ಲಿ ಹೇಗೆ ಬರುತ್ತೆ ಹೇಳು?”

ಅಮ್ಮ ಒಳಗಿನಿಂದ “ಯಾರ ಜತೆ ಗುಸುಗುಸು?” ಎಂದಳು. “ಕುರ್ಚಿ ಜತೆ,” ಎಂದಳು ಅಜ್ಜಿ.

ಮುಂದಿನ ವಾರ ಒಂದು ಕಾರು ಬಿಡಲು ಅಪ್ಪ ಹೊರಟಾಗ ನಾನೂ ಹತ್ತಿ ಕೂತೆ. ಗ್ರಂಥಾಲಯಕ್ಕೆ ಹೋಗಬೇಕು ಎಂದೆ. ಸಂಜೆಯಿನ್ನೂ ಆಗಿರಲಿಲ್ಲ, ಮೋಡವಿತ್ತು. ಗೇರು, ತಿರುವು, ಉಬ್ಬು ಎಲ್ಲ ಅಪ್ಪನ ಕೈಕಾಲಿಗೆ ಬಾಯಿಪಾಠ. ಸಿಗ್ನಲ್ಲಿನಲ್ಲಿ ನಿಂತೆವು. ಹಸಿರು ಬಂತು. ಅಪ್ಪ ಹೊರಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ ಮೇಲೆ, “ಏನು ಅವಸರವೋ ಜನಕ್ಕೆ,” ಎನ್ನುತ್ತ ಹೊರಟರು. ಮುಂದಿನ ಸಿಗ್ನಲ್ಲಿನಲ್ಲೂ ಹಾಗೇ. ಅವರು ದೀಪ ನೋಡುತ್ತಿರಲಿಲ್ಲ, ಹಾರ್ನಿಗೆ ಕಾಯುತ್ತಿದ್ದರು.

ಗೋಡೌನುಗಳ ಉದ್ದದ ಗೋಡೆಯ ಪಕ್ಕ ಒಬ್ಬ ಸೈಕಲ್ಲಿನವನು ಹೋಗುತ್ತಿದ್ದ. ಕಪ್ಪು ಕೋಟು, ಹಿಂದೆ ದೀಪವಿಲ್ಲ. ನನಗೆ ದೂರದಿಂದಲೇ ಕಂಡ. ಅಪ್ಪನಿಗೂ ಕಂಡಿರುತ್ತಾನೆ, ಈಗ ಬಲಕ್ಕೆ ಸರಿಯುತ್ತಾರೆ, ಈಗ, ಈಗ ಎಂದುಕೊಂಡೆ. ಸರಿಯಲಿಲ್ಲ. ಕೂಗಬೇಕೆಂದು ಬಾಯಿ ತೆರೆದೆ. ಗಂಟಲಿನಿಂದ ಗಾಳಿಯೂ ಬರಲಿಲ್ಲ. ಎರಡೂ ಕೈಯಿಂದ ಅಪ್ಪನ ತೋಳನ್ನು ಆ ಕಡೆಗೆ ತಳ್ಳಿದೆ. ಕಾರು ಬಲಕ್ಕೆ ವಾಲಿತು. ಸೈಕಲ್ಲಿನವನ ಮೊಣಕೈ ಕನ್ನಡಿಗೆ ತಾಗಿತೋ ಇಲ್ಲವೋ, ಅವನ ಬೈಗುಳ ಹಿಂದೆ ಉಳಿಯಿತು.

“ಏನೇ ಇದು! ಹುಚ್ಚಾ ನಿನಗೆ? ಏನಾಯ್ತು?”

“ತೋಳ ಮೇಲೆ… ಹುಳ ಇತ್ತು.”

ಅಪ್ಪ ಕಾರು ನಿಲ್ಲಿಸಿದರು. “ಅವನು ಎಲ್ಲಿಂದ ಬಂದ?” ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಗಲು ನೋಡಿ, “ಒಂದು ಹುಳಕ್ಕೆ ಇಷ್ಟು ಹೆದರ್ತೀಯಾ?” ಎಂದರು.

ಅವತ್ತಿನಿಂದ ನಿದ್ದೆಯಲ್ಲಿ ಸೈಕಲ್ಲಿನವನು ಬರುತ್ತಾನೆ. ಕೆಲವೊಮ್ಮೆ ಕೋಟಿನ ಬದಲು ಶಾಲೆಯ ಚೀಲ ಹಾಕಿಕೊಂಡಿರುತ್ತಾನೆ.

ಅಪ್ಪ ಕಾರು ಬಿಡಲು ಹೊರಟಾಗಲೆಲ್ಲ ನನಗೆ ಪೇಟೆಯಲ್ಲಿ ಕೆಲಸ ಹುಟ್ಟತೊಡಗಿತು. ಅಂಚೆ ಕಚೇರಿ, ಜೆರಾಕ್ಸು, ಚಪ್ಪಲಿ ರಿಪೇರಿ. “ಕೊನೆಗೂ ಹುಡುಗಿಗೆ ಹೊರಗಿನ ಗಾಳಿ ಹಿಡಿಸ್ತು,” ಎಂದು ಅಮ್ಮ ಖುಷಿಪಟ್ಟಳು. ನಾನು ಪಕ್ಕದಲ್ಲಿ ಕೂತು “ಸಿಗ್ನಲ್ ಬಿಡ್ತು,” “ಅಲ್ಲೊಬ್ಬಳು ಅಜ್ಜಿ ದಾಟ್ತಿದ್ದಾಳೆ ನೋಡಿ ಪಾಪ,” ಎಂದು ಸುಮ್ಮನೆ ಹರಟುವವಳ ಹಾಗೆ ಹೇಳುತ್ತಿದ್ದೆ. ಹುಟ್ಟಿದಾಗಿನಿಂದ ಅಷ್ಟು ಮಾತಾಡಿರಲಿಲ್ಲ. ಅದರಲ್ಲಿ ಒಂದೂ ಆಡಬೇಕಾದ ಮಾತಾಗಿರಲಿಲ್ಲ. ಅಪ್ಪನೂ ಏನೂ ಕೇಳಲಿಲ್ಲ. ನಾನಿಲ್ಲದೆ ಹೋದ ಒಂದು ದಿನ ಗೇಟಿನ ಕಂಬಕ್ಕೆ ಕಾರಿನ ಮೂಲೆ ಉಜ್ಜಿತು. ಕಂಬ ಮುಂದೆ ಬಂದಿದೆ, ಗೇಟು ಸರಿಯಿಲ್ಲ ಎಂದರು. ಅಣ್ಣ ಗೊಣಗುತ್ತ ಗೇಟನ್ನು ಅಗಲ ಮಾಡಿಸಿ, ತಗಡಿನ ಹೊಸ ಗೇಟು ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಕಪ್ಪು ಬಣ್ಣ ಹೊಡೆಸಿದ.

ಇವತ್ತು ಬೆಳಿಗ್ಗೆ ಶಾಲೆಯ ವ್ಯಾನು ಕೆಟ್ಟಿತು. ಗುಬ್ಬಿ ಚೀಲ ಹಾಕಿಕೊಂಡು ಅಳುತ್ತ ನಿಂತಿದ್ದಳು; ಅವಳಿಗೆ ಚಿತ್ರಕಲೆಯ ಸ್ಪರ್ಧೆ. ಅತ್ತಿಗೆ ಆಗಲೇ ಕೆಲಸಕ್ಕೆ ಹೋಗಿದ್ದಳು. ಅಣ್ಣ ಒಂದು ಕಾರಿನ ಬಾನೆಟ್ಟಿಗೆ ಮೇಣ ಹಚ್ಚಿದ್ದ, ಅರ್ಧಕ್ಕೆ ಬಿಡುವಂತಿರಲಿಲ್ಲ.

“ಅಳೋದ್ಯಾಕೆ? ಬೇಕರಿಯವರ ಕಾರು ಬಿಡೋಕೆ ಹೇಗೂ ಹೋಗ್ತಿದ್ದೀನಿ. ಶಾಲೆ ದಾರೀಲೇ ಇದೆ,” ಎಂದರು ಅಪ್ಪ.

“ಹ್ಞೂ, ತಾತನ ಜತೆ ಹೋಗಮ್ಮ,” ಎಂದ ಅಣ್ಣ, ಬಟ್ಟೆ ಆಡಿಸುತ್ತಲೇ.

ನಾನು ಬಕೆಟ್ಟು ಕೆಳಗಿಟ್ಟೆ. “ನಾನು ನಡೆಸಿಕೊಂಡು ಹೋಗ್ತೀನಿ ಅವಳನ್ನ.”

“ನಡೆದು ಹೋಗೋವಷ್ಟರಲ್ಲಿ ಸ್ಪರ್ಧೆ ಮುಗಿದು ಬಹುಮಾನ ಕೊಟ್ಟಿರ್ತಾರೆ,” ಅಣ್ಣ ನಕ್ಕ. “ಗೇಟ್ ತೆಗಿ ಹೋಗು.”

“ನಾನೂ ಬರ್ತೀನಿ ಹಾಗಾದ್ರೆ.”

“ಹಿಂದಿನ ಸೀಟಿಗೆ ಈಗಷ್ಟೇ ಶಾಂಪೂ ಹಾಕಿದ್ದೀಯ, ಒದ್ದೆ ಇದೆ. ಎಲ್ಲಿ ಕೂರ್ತೀಯ, ಡಿಕ್ಕೀಲಾ?”

ಗುಬ್ಬಿ ಕಣ್ಣೊರೆಸಿಕೊಂಡು ಮುಂದಿನ ಸೀಟು ಹತ್ತಿದಳು. ಅಪ್ಪ ಬಾನೆಟ್ಟಿನ ಅಂಚಿಗೆ ಅಂಗೈ ತಾಗಿಸಿಕೊಂಡು ಆ ಕಡೆಗೆ ಸುತ್ತಿ ಹೋದರು. ನಾಲ್ಕೂ ಟೈರು ಥಳಥಳ ಹೊಳೆಯುತ್ತಿದ್ದವು. ಅವುಗಳ ಗ್ರಿಪ್ಪು ಬೆಳಿಗ್ಗೆಯೇ ಉಜ್ಜಿ ಒಣಗಿಸಿದ್ದೆ. ಅದರಿಂದ ಏನು ಬಂತು?

ನಾನು ಗೇಟಿನ ಹತ್ತಿರ ಹೋದೆ. ಚಿಲಕಕ್ಕೆ ಕೈ ಹಾಕಿದವಳು ತೆಗೆಯಲಾರದೆ ಹಾಗೇ ತಿರುಗಿ, ಕಪ್ಪು ಅಂಗಿಯ ಬೆನ್ನನ್ನು ಕಪ್ಪು ಗೇಟಿಗೆ ಒತ್ತಿ, ಕಾರಿಗೆ ಎದುರಾಗಿ ನಿಂತೆ. ಕಾರಿನ ಮೂತಿ ನನ್ನಿಂದ ನಾಲ್ಕು ಹೆಜ್ಜೆ ಇದ್ದೀತು. ಅಪ್ಪ ಬೆರಳಿನಿಂದ ಕೀಲಿಯ ತೂತು ಹುಡುಕಿ, ಕೀಲಿ ತಿರುಗಿಸಿ, ತಲೆಯೆತ್ತಿ ನೇರ ನನ್ನ ಕಡೆ ನೋಡಿದರು. ಎಂಜಿನ್ ಗುರ್ ಎಂದಿತು. ಕಾರು ಒಂದು ಗೇಣು ಮುಂದೆ ಬಂತು.

“ಪುಟ್ಟಿ ಎಲ್ಲಿ ಹೋದಳು?” ಕಿಟಕಿಯಿಂದ ಅಪ್ಪ ಕೂಗಿದರು, ನನ್ನ ಮೇಲೆ ಕಣ್ಣಿಟ್ಟುಕೊಂಡೇ. “ಗೇಟ್ ತೆಗೀ ಅನ್ರೋ ಅವಳಿಗೆ!”

ಗುಬ್ಬಿ ಕಿಲಕಿಲ ನಕ್ಕಳು. “ತಾತ, ತಮಾಷೆ ಮಾಡ್ತೀಯಾ? ಅತ್ತೆ ಮುಂದೇನೇ ನಿಂತಿದ್ದಾಳಲ್ಲ!”

ಅಣ್ಣನೂ ನಕ್ಕ. ಅಡುಗೆಮನೆ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು, ಅವಳು ನಗಲಿಲ್ಲ. ಅಜ್ಜಿ ಕುರ್ಚಿಯಿಂದ ಎದ್ದು ಗೋಡೆ ಹಿಡಿದುಕೊಂಡಳು.

ಅಪ್ಪನ ಮುಖ ಮೆಲ್ಲಗೆ ನನ್ನ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ನನ್ನನ್ನು ಹುಡುಕುತ್ತಿತ್ತು.

ಬೆನ್ನಿನ ಹಿಂದಿನ ತಗಡು ನನ್ನ ನಡುಕಕ್ಕೆ ಸದ್ದು ಮಾಡುತ್ತಿತ್ತು. ಗೇಟು ಬಿಟ್ಟು ಮುಂದೆ ನಡೆದು ಎರಡೂ ಅಂಗೈಯನ್ನು ಬಿಳಿ ಬಾನೆಟ್ಟಿನ ಮೇಲೆ ಊರಿದೆ. ಆಗ ಅಪ್ಪನಿಗೆ ಕಂಡೆ. ಅವರು ಬೆಚ್ಚಿ ಹಿಂದಕ್ಕೆ ಸರಿದರು.

“ಅಪ್ಪಾ,” ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು. “ನಿಮಗೆ ಕಣ್ಣು ಕಾಣ್ತಿಲ್ಲ.”